ಎಷ್ಟು ಜನರಿದ್ದರೆ ಊರು?

ರಾತ್ರಿ ಎಂಟೂವರೆಯ ಹೊತ್ತಿಗೆ ನಮ್ಮೂರಿಗೊಂದು ಬಸ್ಸು ಬಂದು ತಂಗುತ್ತಿತ್ತು. ಬಯಲುಸೀಮೆಯಲ್ಲಿ ಇದನ್ನು ವಸ್ತಿ ಬಸ್ಸು ಎನ್ನುತ್ತಾರೆ, ಮಲೆನಾಡಿನ ನಮ್ಮ ಕಡೆ ಹಾಲ್ಟಿಂಗ್ ಬಸ್ಸು. ಕೊನೆಯ ಏರನ್ನು ಅದು ಫಸ್ಟ್ ಗೇರಿನಲ್ಲಿ ಹತ್ತುವ ಸದ್ದು ಗುಡ್ಡದಾಚೆಗೂ ಕೇಳುತ್ತಿತ್ತು. ಆ ಸದ್ದು ಕೇಳಿದ ಮೇಲೇ ಸಾರು ಬಿಸಿಗಿಡುವ ಮನೆಗಳಿದ್ದವು. ಪೇಟೆಗೆ ಹೋದವರು ಬಂದರು ಎಂದು ಲೆಕ್ಕ. ಡ್ರೈವರ್, ಕಂಡಕ್ಟರ್ ಇಬ್ಬರೂ ಶಾಲೆಯ ಜಗಲಿಯಲ್ಲಿ ಮಲಗುತ್ತಿದ್ದರು. ಸರದಿಯ ಮೇಲೆ ಒಂದೊಂದು ಮನೆಯಿಂದ ಅವರಿಗೆ ಊಟ ಹೋಗುತ್ತಿತ್ತು. ಬೆಳಗ್ಗೆ ಆರೂಕಾಲಿಗೆ ಗಾಡಿ ಸ್ಟಾರ್ಟ್ ಮಾಡಿ ಒಂದು ಹಾರ್ನ್, ಮೇಲಿನಕೇರಿಯ ತಿರುವಿನಲ್ಲಿ ಇನ್ನೊಂದು. ಅಷ್ಟಾದರೂ ಬಾರದ ಕಾಲೇಜಿನ ಹುಡುಗಿ ಯಾರಾದರೂ ಇದ್ದರೆ ಕಂಡಕ್ಟರ್ ಬಾಗಿಲಲ್ಲಿ ನಿಂತು ತೋಟದ ದಾರಿಯನ್ನೇ ನೋಡುತ್ತಿದ್ದ. ಅವಳು ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಬುತ್ತಿ ಹಿಡಿದು ಅಡಿಕೆ ಮರಗಳ ನಡುವಿಂದ ಓಡಿ ಬರುವುದು ಕಾಣಿಸಿದ ಮೇಲೆಯೇ ರೈಟ್ ಹೇಳುತ್ತಿದ್ದ.

ಆ ಬಸ್ಸಿನಲ್ಲಿ ಜನರಿಗಿಂತ ಸಾಮಾನೇ ಹೆಚ್ಚು ಇರುತ್ತಿತ್ತು. ಡೇರಿಯ ಹಾಲಿನ ಕ್ಯಾನು, ಬಾಳೆಲೆಯ ಕಟ್ಟು, ಮಲ್ಲಿಗೆಯ ಪೊಟ್ಟಣ, ಕೆಟ್ಟ ಪಂಪ್‌ಸೆಟ್ಟಿನ ಮೋಟಾರು. ಸಂಜೆ ಹಿಂದಿರುಗುವಾಗ ಪೇಪರ್ ಬಂಡಲು, ಬೋರ್ಡೋ ದ್ರಾವಣಕ್ಕೆ ಮೈಲುತುತ್ತ, ಯಾರದೋ ಸಕ್ಕರೆ ಕಾಯಿಲೆಯ ಮಾತ್ರೆ. ಚೀಟಿ, ದುಡ್ಡು ಕಂಡಕ್ಟರ್ ಕೈಗೆ ಕೊಟ್ಟರೆ ಸಾಕಿತ್ತು, ಔಷಧಿ ಬರುತ್ತಿತ್ತು. ಟಿಕೆಟ್ ಲೆಕ್ಕದಲ್ಲಿ ಇದು ಯಾವುದೂ ಕಾಣುವುದಿಲ್ಲ.

ಒಂದು ಟ್ರಿಪ್ಪು ಒಂದೇ ದಿನ ನಿಲ್ಲುವುದಿಲ್ಲ. ಮೊದಲು ಭಾನುವಾರ ಬರುವುದಿಲ್ಲ. ಆಮೇಲೆ ಮಳೆಗಾಲದಲ್ಲಿ ರಸ್ತೆ ಸರಿ ಇಲ್ಲವೆಂದು ಮೂರು ಕಿಲೋಮೀಟರ್ ಹಿಂದೆಯೇ ತಿರುಗಿಸಿಕೊಂಡು ಹೋಗುತ್ತದೆ. ಮಳೆ ಮುಗಿದರೂ ತಿರುಗಿಸುವ ಜಾಗ ಬದಲಾಗುವುದಿಲ್ಲ. 2020ರ ಲಾಕ್‌ಡೌನಿನಲ್ಲಿ ಎಲ್ಲ ಕಡೆಯೂ ಬಸ್ಸು ನಿಂತವು. ಪೇಟೆ ಪೇಟೆಗಳ ನಡುವಿನವು ಮತ್ತೆ ಹೊರಟವು, ನಮ್ಮಂಥ ಊರುಗಳದು ಹೊರಡಲಿಲ್ಲ. ಕೇಳಲು ನಾಲ್ಕು ಜನ ಸಾರಿಗೆ ಕಚೇರಿಗೆ ಹೋದೆವು. ಅಧಿಕಾರಿ ಮರ್ಯಾದೆಯಿಂದಲೇ ಕೂರಿಸಿ ಮಾತಾಡಿದರು. ಲೆಡ್ಜರ್ ತೆರೆದು, ದಿನಕ್ಕೆ ಓಡುವ ಕಿಲೋಮೀಟರ್ ಇಷ್ಟು, ಕಲೆಕ್ಷನ್ ಇಷ್ಟು, ಡೀಸೆಲ್ ದುಡ್ಡೂ ಹುಟ್ಟುವುದಿಲ್ಲ ಎಂದು ತೋರಿಸಿದರು. ಕೊನೆಗೆ, "ನಿಮ್ಮೂರಲ್ಲಿ ಜನ ಎಷ್ಟಿದ್ದೀರಿ, ಅದನ್ನ ಹೇಳಿ ನೋಡೋಣ" ಎಂದರು. ನಮ್ಮ ಜೊತೆಗಿದ್ದ ಹಿರಿಯರೊಬ್ಬರು ತಡೆದು ತಡೆದು ಹೇಳಿದರು: "ಬಸ್ಸಿದ್ದಾಗ ಕೇಳಬೇಕಿತ್ತು ಸ್ವಾಮಿ. ಆವಾಗ ಇನ್ನೂ ಜನ ಇದ್ವಿ."

ಆ ಹಿರಿಯರ ಮಾತೇ ನನ್ನ ವಾದ. ಎಷ್ಟು ಜನರಿದ್ದಾರೆ ನೋಡಿ ಬಸ್ಸು ಕೊಡುತ್ತೇವೆ ಎನ್ನುವಾಗ ಜನಸಂಖ್ಯೆ ಕಾರಣ, ಬಸ್ಸು ಅದರ ಪರಿಣಾಮ ಎಂದು ನಂಬಿರುತ್ತೇವೆ. ಸಣ್ಣ ಊರುಗಳ ಅನುಭವ ತಿರುಗುಮುರುಗಾಗಿದೆ. ಅಲ್ಲಿ ಬಸ್ಸು ಹೋದ ಮೇಲೆ ಜನ ಹೋಗುತ್ತಾರೆ, ಆ ಕಡಿಮೆಯಾದ ಸಂಖ್ಯೆಯನ್ನೇ ಮುಂದಿಟ್ಟುಕೊಂಡು ಬಸ್ಸು ಬೇಕಾಗಿಲ್ಲ ಎಂದು ತೀರ್ಮಾನವಾಗುತ್ತದೆ.

ಹೇಗೆ ಹೋಗುತ್ತಾರೆ ಎಂಬುದನ್ನು ನಿಧಾನವಾಗಿ ನೋಡಬೇಕು. ಹುಡುಗಿಯೊಬ್ಬಳು ಎಸ್ಸೆಸ್ಸೆಲ್ಸಿ ಮುಗಿಸುತ್ತಾಳೆ. ಪಿಯು ಕಾಲೇಜು ಇರುವುದು ಪೇಟೆಯಲ್ಲಿ. ಬಸ್ಸಿಲ್ಲದಿದ್ದರೆ ಹಾಸ್ಟೆಲ್, ಇಲ್ಲವೇ ಬಾಡಿಗೆ ಕೋಣೆ. ಕೋಣೆ ಮಾಡಿದ ಮೇಲೆ ಹೆಣ್ಣುಮಗಳನ್ನು ಒಬ್ಬಳೇ ಬಿಡುವುದು ಹೇಗೆಂದು ತಾಯಿಯೂ ಹೋಗುತ್ತಾಳೆ. ಕಿರಿಯವನನ್ನು ಇಲ್ಲಿ ಯಾರು ನೋಡಿಕೊಳ್ಳಬೇಕು? ಅವನನ್ನೂ ಅಲ್ಲಿಯ ಶಾಲೆಗೇ ಸೇರಿಸುತ್ತಾರೆ. ಊರಲ್ಲಿ ಉಳಿಯುವುದು ತೋಟ ನೋಡುವ ಅಪ್ಪ ಮತ್ತು ಅಜ್ಜ ಅಜ್ಜಿ. ಊರಿನ ಶಾಲೆಯಲ್ಲಿ ಆ ವರ್ಷ ಒಂದು ತಲೆ ಕಡಿಮೆಯಾಗುತ್ತದೆ. ನಾಲ್ಕು ಮನೆಯಲ್ಲಿ ಹೀಗೇ ಆದರೆ ಶಾಲೆಯನ್ನು ಪಕ್ಕದ ಊರಿನದರ ಜೊತೆ ವಿಲೀನ ಮಾಡುವ ಮಾತು ಬರುತ್ತದೆ. ಅಜ್ಜನಿಗೆ ಎದೆನೋವು ಕಾಣಿಸಿಕೊಂಡ ಮೇಲೆ ಆ ಇಬ್ಬರನ್ನೂ ಮಗ ಪೇಟೆಗೆ ಕರೆದೊಯ್ಯುತ್ತಾನೆ. ಮನೆಗೆ ಬೀಗ ಬೀಳುತ್ತದೆ, ಮತದಾರರ ಪಟ್ಟಿಯಲ್ಲಿ ಹೆಸರು ಮಾತ್ರ ಇರುತ್ತದೆ.

ಮದುವೆಯ ಮಾತುಕತೆಯಲ್ಲೂ ಇದೇ ಪ್ರಶ್ನೆ. ಮಲೆನಾಡಿನ ತೋಟದ ಮನೆಗಳ ಗಂಡುಮಕ್ಕಳಿಗೆ ಹೆಣ್ಣು ಸಿಗುತ್ತಿಲ್ಲ ಎಂಬುದು ಈಗ ಎಲ್ಲರಿಗೂ ಗೊತ್ತಿರುವ ಸಂಗತಿ. ಹೆಣ್ಣಿನ ಕಡೆಯವರು ತೋಟ ಎಷ್ಟು ಎಕರೆ ಎಂದು ಕೇಳುವ ಮೊದಲು ಮನೆಬಾಗಿಲಿಗೆ ರಸ್ತೆ ಇದೆಯಾ, ಬಸ್ಸು ಎಷ್ಟು ದೂರದಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ. ನಾನು ಆ ಹೆಣ್ಣುಮಕ್ಕಳನ್ನು ತಪ್ಪು ಎನ್ನಲಾರೆ. ಹೆರಿಗೆ ನೋವು ಬಂದಾಗ ಯಾರ ಗಾಡಿಗೆ ಫೋನ್ ಮಾಡಬೇಕು ಎಂದು ಯೋಚಿಸಬೇಕಾದ ಊರಿಗೆ ಬರಲು ಅವರಿಗೆ ಮನಸ್ಸಾಗದಿದ್ದರೆ ಅದು ನ್ಯಾಯವೇ. ಆದರೆ ಹೀಗೆ ಮದುವೆಯಾಗದ ಪ್ರತಿ ಮನೆಯೂ ಮುಂದಿನ ಜನಗಣತಿಯಲ್ಲಿ ಇನ್ನೂ ಎರಡು ಮೂರು ತಲೆ ಕಡಿಮೆ.

ಇನ್ನು ಸರ್ಕಾರದ ಅಳತೆಗೋಲಿಗೆ ಬರೋಣ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಶುರುವಾದದ್ದು 2000ದ ಡಿಸೆಂಬರ್ 25ರಂದು. ದೇಶದ ಹಳ್ಳಿಗಳಿಗೆ ಇಷ್ಟು ಪ್ರಮಾಣದಲ್ಲಿ ಸರ್ವಋತು ರಸ್ತೆ ತಂದ ಇನ್ನೊಂದು ಯೋಜನೆ ನನಗೆ ಗೊತ್ತಿಲ್ಲ, ಅದರ ಉಪಕಾರವನ್ನು ಕಡೆಗಣಿಸುವಂತಿಲ್ಲ. ಅದು ಇಟ್ಟುಕೊಂಡ ಮಿತಿ ಹೀಗಿತ್ತು: ಬಯಲು ಪ್ರದೇಶದಲ್ಲಿ 500 ಮತ್ತು ಅದಕ್ಕೂ ಹೆಚ್ಚು ಜನರಿರುವ ಜನವಸತಿ, ಗುಡ್ಡಗಾಡು ರಾಜ್ಯ, ಮರುಭೂಮಿ, ಬುಡಕಟ್ಟು ಪ್ರದೇಶಗಳಲ್ಲಿ 250. 2024ರಲ್ಲಿ ಒಪ್ಪಿಗೆ ಪಡೆದ ನಾಲ್ಕನೆಯ ಹಂತದಲ್ಲೂ ಈ 500, 250 ಉಳಿದುಕೊಂಡಿವೆ. ಎಣಿಕೆ ಮಾತ್ರ 2001ರ ಬದಲು 2011ರ ಜನಗಣತಿಯದು. ಗುಡ್ಡಗಾಡು ರಾಜ್ಯಗಳೆಂದರೆ ಹಿಮಾಲಯದ ಮತ್ತು ಈಶಾನ್ಯದ ರಾಜ್ಯಗಳು. ಕರ್ನಾಟಕ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಆಗುಂಬೆಯ ಸುತ್ತಲಿನ ಕೊಳ್ಳಗಳಿಗೂ ಮಂಡ್ಯದ ನಾಲೆ ಬಯಲಿಗೂ ಒಂದೇ ಅಳತೆ.

ಹತ್ತಿರದ ಎರಡು ವಸತಿಗಳನ್ನು ಕೂಡಿಸಿ ಎಣಿಸಬಹುದು ಎಂಬ ರಿಯಾಯಿತಿಯೂ ಆ ನಿಯಮದಲ್ಲಿತ್ತು: 500 ಮೀಟರಿನೊಳಗೆ ಇದ್ದರೆ. ಗುಡ್ಡಗಾಡಿನಲ್ಲಾದರೆ ಈ ದೂರ ನಡಿಗೆಯ ದಾರಿಯಲ್ಲಿ ಒಂದೂವರೆ ಕಿಲೋಮೀಟರ್. ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ಮಲೆನಾಡಿನಲ್ಲಿ ಬದುಕಿದವರಿಗೆ ಗೊತ್ತು. ನಮ್ಮ ಕಡೆ ಊರೆಂದರೆ ಒತ್ತೊತ್ತಾಗಿ ಕಟ್ಟಿದ ಮನೆಗಳಲ್ಲ. ತೋಟ ಇರುವ ಕಡೆ ಮನೆ, ನೀರು ಇರುವ ಕಡೆ ತೋಟ. ನಮ್ಮ ಮನೆಯಂಗಳದಲ್ಲಿ ನಿಂತು ಕರೆದರೆ ಎದುರು ದಿಂಬದ ಮನೆಯವರು ಓಗೊಡುತ್ತಾರೆ, ಅವರ ನಾಯಿ ಬೊಗಳಿದರೆ ನಮ್ಮದು ಎದ್ದು ನಿಲ್ಲುತ್ತದೆ. ಆದರೆ ನಡುವೆ ಗದ್ದೆ ಕೋವು, ಅದರ ಕೆಳಗೆ ಹಳ್ಳ. ಬಳಸಿಕೊಂಡು ಹೋದರೆ ಒಂದು ಕಿಲೋಮೀಟರಿಗೆ ಕಡಿಮೆಯಿಲ್ಲ. ಕೂಗಳತೆಯಲ್ಲಿರುವ ಹತ್ತು ಮನೆ, ಕಾಗದದ ಮೇಲೆ ಎರಡು ಬೇರೆ ಬೇರೆ ವಸತಿ. ಎರಡರಲ್ಲೂ ಜನ ಸಾಲದು.

ಭೂಗುಣ ನೋಡಿ ಲೆಕ್ಕ ಬದಲಿಸುವುದು ನಮ್ಮ ಕಾನೂನಿಗೆ ಹೊಸದೇನಲ್ಲ. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಗ್ರಾಮ ಪಂಚಾಯತಿ ರಚನೆಗೆ ಸಾಮಾನ್ಯವಾಗಿ 5,000ದಿಂದ 7,000 ಜನಸಂಖ್ಯೆ ಬೇಕೆಂದು ಹೇಳಿ, ಮಲೆನಾಡು ಮತ್ತು ಕರಾವಳಿಯ ಜಿಲ್ಲೆಗಳಿಗೆ 2,500 ಸಾಕು ಎಂದಿತು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಯಲಿನಲ್ಲಿ 30,000 ಜನ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 20,000 ಎಂಬ ಮಾನದಂಡವಿದೆ. ಆಡಳಿತ ನಡೆಸಲು, ಚಿಕಿತ್ಸೆ ಕೊಡಲು ಗುಡ್ಡ ಬೇರೆ ಬಯಲು ಬೇರೆ ಎಂದು ಒಪ್ಪಿದವರು, ಆ ಪಂಚಾಯತಿಗೂ ಆ ಆಸ್ಪತ್ರೆಗೂ ಜನ ಹೋಗಿ ಸೇರುವ ದಾರಿಯ ವಿಷಯ ಬಂದಾಗ ಮಾತ್ರ ಅದನ್ನು ಮರೆಯುವುದು ಸರಿಯಲ್ಲ.

ಚುನಾವಣೆಯ ಉದಾಹರಣೆ ಇನ್ನೂ ಸ್ಪಷ್ಟ. ಮತದಾರ ಎರಡು ಕಿಲೋಮೀಟರಿಗಿಂತ ಹೆಚ್ಚು ದೂರ ಹೋಗಬೇಕಾಗಿ ಬರಬಾರದು ಎಂಬುದು ಚುನಾವಣಾ ಆಯೋಗ ಪಾಲಿಸಿಕೊಂಡು ಬಂದ ನಿಯಮ. ಗುಜರಾತಿನ ಗಿರ್ ಕಾಡಿನ ಬಾಣೇಜ್‌ನಲ್ಲಿ ಒಬ್ಬನೇ ಒಬ್ಬ ಮತದಾರನಿಗಾಗಿ ಮತಗಟ್ಟೆ ತೆರೆಯುತ್ತಾ ಬಂದರು. ಅದಕ್ಕೆ ಆಗುವ ಖರ್ಚನ್ನು ತಲೆಗೆ ಭಾಗಿಸಿ ಯಾರೂ ನಷ್ಟ ಎನ್ನಲಿಲ್ಲ, ಎನ್ನಲೂಬಾರದು. ಮತ ಹಾಕುವ ಹಕ್ಕು ನೆರೆಹೊರೆಯಲ್ಲಿ ಎಷ್ಟು ಜನರಿದ್ದಾರೆ ಎನ್ನುವುದರ ಮೇಲೆ ನಿಂತಿಲ್ಲ ಎಂದು ನಾವೆಲ್ಲ ಒಪ್ಪಿದ್ದೇವೆ. ಐದು ವರ್ಷಕ್ಕೊಮ್ಮೆ ಆ ಒಬ್ಬನ ಬಳಿಗೆ ಹೋಗಬಲ್ಲ ರಾಜ್ಯ, ದಿನಕ್ಕೆರಡು ಸಲ ಮೂವತ್ತು ಮನೆಯವರ ಬಳಿಗೆ ಯಾಕೆ ಹೋಗಬಾರದು?

ಇದು ಬರೀ ಭಾವನೆಯ ಪ್ರಶ್ನೆಯಲ್ಲ. 1986ರಲ್ಲಿ ಹಿಮಾಚಲ ಪ್ರದೇಶ ಮತ್ತು ಉಮೇದ್ ರಾಮ್ ಶರ್ಮಾ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಗುಡ್ಡಗಾಡಿನ ಜನರಿಗೆ ರಸ್ತೆಯ ಸಂಪರ್ಕವೆಂಬುದು ಸಂವಿಧಾನದ 21ನೆಯ ವಿಧಿ ಹೇಳುವ ಬದುಕುವ ಹಕ್ಕಿನೊಳಗೇ ಬರುತ್ತದೆ ಎಂದಿತು. ಬರೀ ಉಸಿರಾಡಿಕೊಂಡಿರುವುದು ಬದುಕಲ್ಲ ಎಂಬ ಅರ್ಥದ ತೀರ್ಪು ಅದು. ನಲವತ್ತು ವರ್ಷವಾದ ಮೇಲೂ ನಾವು ಆ ಹಕ್ಕನ್ನು ಡಾಂಬರಿನ ಉದ್ದದಲ್ಲಿ ಅಳೆಯುತ್ತಿದ್ದೇವೆ, ಅದರ ಮೇಲೆ ಏನು ಓಡುತ್ತದೆ ಎಂದು ಕೇಳುತ್ತಿಲ್ಲ.

ಇಲ್ಲಿ ನನ್ನ ವಾದಕ್ಕೆ ಬರುವ ಗಟ್ಟಿಯಾದ ಎದುರುಮಾತನ್ನು ಹೇಳಲೇಬೇಕು. ರಸ್ತೆ ಬಂದ ಮಾತ್ರಕ್ಕೆ ಊರಿನ ಏಳಿಗೆಯಾಗುವುದಿಲ್ಲ, ಇರುವವರೂ ಹೊರಗೆ ಹೋಗಲು ದಾರಿಯಾಗುತ್ತದೆ ಅಷ್ಟೇ ಎನ್ನುವವರಿದ್ದಾರೆ. ಅವರ ಮಾತಿಗೆ ಆಧಾರವೂ ಇದೆ. ಸ್ಯಾಮ್ ಆಶರ್ ಮತ್ತು ಪಾಲ್ ನೊವೊಸಾಡ್ ಎಂಬ ಅರ್ಥಶಾಸ್ತ್ರಜ್ಞರು ಗ್ರಾಮ ಸಡಕ್ ಯೋಜನೆಯ ಈ ಜನಸಂಖ್ಯೆಯ ಮಿತಿಯನ್ನೇ ಬಳಸಿಕೊಂಡು ಒಂದು ಅಧ್ಯಯನ ಮಾಡಿದರು, 2020ರಲ್ಲಿ ಪ್ರಕಟವಾಯಿತು. ಮಿತಿಗಿಂತ ತುಸು ಹೆಚ್ಚು ಜನರಿದ್ದು ರಸ್ತೆ ಪಡೆದ ಊರುಗಳನ್ನು, ತುಸು ಕಡಿಮೆಯಿದ್ದು ರಸ್ತೆ ಸಿಗದ ಊರುಗಳ ಪಕ್ಕದಲ್ಲಿಟ್ಟು ನೋಡಿದರು. ರಸ್ತೆಯಿಂದ ಬೇಸಾಯದ ಆದಾಯವಾಗಲೀ ಮನೆಗಳ ಆಸ್ತಿಯಾಗಲೀ ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ. ಮುಖ್ಯವಾಗಿ ಆದದ್ದು, ಜನ ಹೊಲದ ಕೆಲಸ ಬಿಟ್ಟು ಬೇರೆ ಕೆಲಸಕ್ಕೆ ಹೋದದ್ದು. ಅವರೇ ಅಂಜಲಿ ಅಡುಕಿಯಾ ಅವರೊಂದಿಗೆ ಮಾಡಿದ ಇನ್ನೊಂದು ಅಧ್ಯಯನದಲ್ಲಿ, ರಸ್ತೆ ಬಂದ ಊರುಗಳಲ್ಲಿ ಎರಡು ವರ್ಷದೊಳಗೆ ಮಾಧ್ಯಮಿಕ ತರಗತಿಗಳಿಗೆ ದಾಖಲಾಗುವ ಮಕ್ಕಳು ಶೇ. 7ರಷ್ಟು ಹೆಚ್ಚಿದ್ದು ಕಂಡುಬಂತು.

ಈ ಎರಡನ್ನೂ ನಾನು ಒಟ್ಟಿಗೆ ಓದಿಕೊಳ್ಳುತ್ತೇನೆ. ರಸ್ತೆ ಮಾಡುವುದು ಒಂದೇ ಕೆಲಸ, ಜನರನ್ನು ಓಡಾಡಿಸುವುದು. ಓಡಾಟ ಎನ್ನುವ ಮಾತಿನಲ್ಲಿ ಹೋಗುವುದೂ ಇದೆ, ಬರುವುದೂ ಇದೆ. ನಮ್ಮಲ್ಲಿ ಮನೆಯಿಂದ ಹೊರಡುವಾಗ ಯಾರೂ ಹೋಗುತ್ತೇನೆ ಎನ್ನುವುದಿಲ್ಲ, ಹಾಗೆಂದರೆ ಅಜ್ಜಿ ಬೈಯುತ್ತಿದ್ದಳು. ಹೋಗಿ ಬರುತ್ತೇನೆ ಎನ್ನಬೇಕು. ಬೆಳಗ್ಗೆ ಬಸ್ಸಿದ್ದು ಸಂಜೆಯೂ ಬಸ್ಸಿದ್ದರೆ ಕಾಲೇಜಿಗೆ, ಗಾರ್ಮೆಂಟ್ಸಿಗೆ, ಅಂಗಡಿ ಕೆಲಸಕ್ಕೆ ಹೋಗಿ ಬರಬಹುದು. ಮಲಗುವುದು ಊರಲ್ಲೇ, ಗಣತಿಯಲ್ಲಿ ಸೇರುವುದೂ ಊರಲ್ಲೇ. ಬಸ್ಸಿಲ್ಲದ ರಸ್ತೆಯಲ್ಲಿ ಸಾಮಾನು ಸಾಗಿಸುವ ಲಾರಿ ಒಂದು ಸಲ ಬರುತ್ತದೆ, ಮನೆಯ ಕಪಾಟು ಮಂಚ ಹೇರಿಕೊಂಡು ಹೋಗುತ್ತದೆ. ರಸ್ತೆಯಿಂದ ಊರು ಖಾಲಿಯಾಗುತ್ತದೆ ಎನ್ನುವವರು ನೋಡಿದ್ದು ಈ ಎರಡನೆಯ ಬಗೆಯ ರಸ್ತೆಯನ್ನು.

ಜನಗಣತಿಯ ಜಿಲ್ಲಾ ಕೈಪಿಡಿಯಲ್ಲಿ ಪ್ರತಿ ಹಳ್ಳಿಯ ಹೆಸರಿನ ಮುಂದೆ ಸೌಲಭ್ಯಗಳ ಅಂಕಣಗಳಿವೆ. ಸಾರ್ವಜನಿಕ ಬಸ್ಸು, ಖಾಸಗಿ ಬಸ್ಸು, ಆಟೊ, ಟ್ರ್ಯಾಕ್ಟರ್, ಎತ್ತಿನಗಾಡಿ ಎಲ್ಲಕ್ಕೂ ಒಂದೊಂದು. ಸೌಲಭ್ಯ ಊರಲ್ಲೇ ಇದ್ದರೆ ಇದೆ ಎಂದು, ಇಲ್ಲದಿದ್ದರೆ ಅದು ಸಿಗುವ ಹತ್ತಿರದ ಜಾಗದ ದೂರಕ್ಕೆ ಒಂದಕ್ಷರ: ಐದು ಕಿಲೋಮೀಟರಿನೊಳಗೆ ಎ, ಐದರಿಂದ ಹತ್ತರವರೆಗೆ ಬಿ, ಅದಕ್ಕೂ ದೂರವಾದರೆ ಸಿ. ಬಹಳ ಉಪಯುಕ್ತವಾದ ಪುಸ್ತಕ. ಆದರೆ ಅಂಕಣದಲ್ಲಿ ಬಸ್ಸು ಇದೆ ಎಂದಿರುವ ಊರಿಗೆ ಅದು ದಿನಕ್ಕೆ ಎಂಟು ಸಲ ಬರುತ್ತದೋ, ಒಂದು ಸಲವೋ, ಬಂದದ್ದು ಮಕ್ಕಳ ಕಾಲೇಜಿನ ಹೊತ್ತಿಗೋ ಅಥವಾ ಮಟಮಟ ಮಧ್ಯಾಹ್ನವೋ ತಿಳಿಯುವುದಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಬರುವ ಒಂದೇ ಬಸ್ಸಿನಿಂದ ವಿದ್ಯಾರ್ಥಿಗೂ ಪ್ರಯೋಜನವಿಲ್ಲ, ಕೂಲಿಯವಳಿಗೂ ಇಲ್ಲ, ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಚೀಟಿ ಮಾಡಿಸಬೇಕಾದವರಿಗೂ ಇಲ್ಲ. ಆ ಟ್ರಿಪ್ಪಿಗೆ ಕಲೆಕ್ಷನ್ ಬಾರದಿರುವುದು ಸಹಜ. ಬರಲಿಲ್ಲವೆಂದು ಅದನ್ನೂ ತೆಗೆಯುತ್ತಾರೆ.

ಈಗ ಮನೆಗೊಂದು ಬೈಕಿದೆಯಲ್ಲ ಎಂಬ ಮಾತನ್ನೂ ಕೇಳುತ್ತೇವೆ. ಇದೆ. ಬೈಕು ಬಂದ ಮೇಲೆ ಬಸ್ಸಿಗೆ ಹತ್ತುವ ಗಂಡಸರು ಕಡಿಮೆಯಾದರು ಎಂಬುದೂ ನಿಜ. ಆದರೆ ಬೈಕು ಮನೆಯದಲ್ಲ, ಮನೆಯ ಒಬ್ಬ ಗಂಡಸಿನದು. ಅವನು ತೋಟಕ್ಕೋ ಸೊಸೈಟಿಗೋ ಹೋದ ಮೇಲೆ ಉಳಿದವರೆಲ್ಲ ಮತ್ತೆ ಕಾಲ್ನಡಿಗೆಯವರೇ. ಮಳೆಗಾಲದ ಮೂರು ತಿಂಗಳು ಪಾಚಿಗಟ್ಟಿದ ಇಳಿಜಾರಿನಲ್ಲಿ ಅಜ್ಜಿಯನ್ನು ಹಿಂದೆ ಕೂರಿಸಿಕೊಂಡು ಹೋಗಲು ಧೈರ್ಯ ಬೇಕು. ಹೊರಡುವ ಶಕ್ತಿ ಇದ್ದವರು ತಮ್ಮ ತಮ್ಮ ದಾರಿ ಮಾಡಿಕೊಂಡಾಗ ಬಸ್ಸಿಗೆ ಉಳಿಯುವುದು ಶಕ್ತಿ ಇಲ್ಲದವರು: ಹೆಣ್ಣುಮಕ್ಕಳು, ಮುದುಕರು, ವಿದ್ಯಾರ್ಥಿಗಳು, ಕಣ್ಣು ಕಾಲು ಸರಿ ಇಲ್ಲದವರು. ಸಂಖ್ಯೆಯಲ್ಲಿ ಅವರು ಕಡಿಮೆ ಕಂಡಷ್ಟೂ ಅವರ ಅಗತ್ಯ ಹೆಚ್ಚು. ಊರಿನ ಜನಸಂಖ್ಯೆ ಎಂಬ ಒಂದೇ ಅಂಕಿಯಲ್ಲಿ ಇವರನ್ನೂ ಬೈಕಿನವನನ್ನೂ ಒಂದೇ ಎಂದು ಎಣಿಸಿದಾಗ ಲೆಕ್ಕ ಸರಿಯಾಗಿದ್ದರೂ ತೀರ್ಮಾನ ತಪ್ಪುತ್ತದೆ.

ಶಕ್ತಿ ಯೋಜನೆಯನ್ನು ನಾನು ಮನಸಾರೆ ಮೆಚ್ಚಿದವನು. 2023ರ ಜೂನ್ 11ರಂದು ಶುರುವಾಗಿ, 2025ರ ಜುಲೈ ಹೊತ್ತಿಗೆ ಹೆಣ್ಣುಮಕ್ಕಳ 500 ಕೋಟಿ ಉಚಿತ ಪ್ರಯಾಣ ದಾಟಿತು. ಬಸ್‌ಚಾರ್ಜಿಗೆ ಗಂಡನ ಮುಂದೆ ಕೈಚಾಚದೆ ತವರಿಗೆ, ಆಸ್ಪತ್ರೆಗೆ, ಸಂತೆಗೆ ಹೋಗಿ ಬಂದ ಹೆಂಗಸರ ಮುಖ ನೋಡಿದವರಿಗೆ ಅದರ ಬೆಲೆ ಗೊತ್ತು. ಅದಕ್ಕೇ ಹೇಳುವುದು, ಬಸ್ಸೇ ಬಾರದ ಊರಿನ ಹೆಂಗಸಿಗೆ ಆ 500 ಕೋಟಿಯಲ್ಲಿ ಒಂದೂ ಇಲ್ಲ. ಮಲೆನಾಡು, ಕರಾವಳಿಯ ಎಷ್ಟೋ ಮಾರ್ಗಗಳಲ್ಲಿ ಓಡುವುದು ಖಾಸಗಿ ಬಸ್ಸು, ಅದರಲ್ಲಿ ಉಚಿತ ಟಿಕೆಟ್ಟಿಲ್ಲ. ಎಲ್ಲ ಹೆಣ್ಣುಮಕ್ಕಳಿಗೂ ಒಂದೇ ಎಂದು ಹೊರಟ ಯೋಜನೆ, ಎಲ್ಲಿ ಬಸ್ಸಿದೆಯೋ ಅಲ್ಲಿಯವರಿಗೆ ಮಾತ್ರ ಎಂದಾಗಿ ನಿಂತಿದೆ. ಇನ್ನೊಂದು ಮಾತು: ಈ ಶೂನ್ಯ ಟಿಕೆಟ್ಟಿನ ಹಣವನ್ನು ನಿಗಮಕ್ಕೆ ತುಂಬಿಕೊಡಬೇಕಾದದ್ದು ಸರ್ಕಾರ. ಅಂದರೆ ಊರಿನ ಹೆಂಗಸರು ಹತ್ತಿದರೂ ಕಲೆಕ್ಷನ್ ಲೆಕ್ಕಕ್ಕೆ ಸೇರುತ್ತದೆ. ಜನ ಹತ್ತುವುದಿಲ್ಲ ಎಂಬ ಹಳೆಯ ಕಾರಣ ಹಿಡಿದು ನಿಲ್ಲಿಸಿದ ಟ್ರಿಪ್ಪುಗಳನ್ನು ಶಕ್ತಿ ಬಂದ ಮೇಲೆ ಮತ್ತೊಮ್ಮೆ ಓಡಿಸಿ ನೋಡಬೇಕಿತ್ತು.

ನಷ್ಟದ ಪ್ರಶ್ನೆ ಸುಳ್ಳಲ್ಲ. ಕೊಪ್ಪದ ಸಹಕಾರ ಸಾರಿಗೆಯನ್ನು ನೆನೆಯದೆ ಈ ಮಾತು ಮುಂದುವರಿಸಲಾಗದು. ಶಂಕರ್ ಟ್ರಾನ್ಸ್‌ಪೋರ್ಟ್ ಕಂಪನಿ ಮುಚ್ಚಿದಾಗ ಅದರ ನೌಕರರೇ ಸೇರಿ 1991ರಲ್ಲಿ ಕಟ್ಟಿದ ಸಂಘ ಅದು. ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್ಕುಗಳೇ ಮಾಲೀಕರು. ಬೆರಳೆಣಿಕೆಯ ಬಸ್ಸುಗಳಿಂದ ಹೊರಟು ಎಪ್ಪತ್ತಕ್ಕೂ ಹೆಚ್ಚು ಬಸ್ಸಿನವರೆಗೆ ಬೆಳೆದರು, ಬೇರೆಯವರು ಮುಖ ಹಾಕದ ಒಳನಾಡಿನ ದಾರಿಗಳಲ್ಲಿ ಓಡಿಸಿದರು, ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸು ಕೊಟ್ಟರು. ಕೊಪ್ಪ, ಶೃಂಗೇರಿ, ತೀರ್ಥಹಳ್ಳಿಯ ಕಡೆ ಒಂದು ತಲೆಮಾರು ಓದಿ ಮುಂದೆ ಬಂದದ್ದರಲ್ಲಿ ಆ ಬಸ್ಸುಗಳ ಪಾಲಿದೆ. ಡೀಸೆಲ್, ತೆರಿಗೆ, ಬಿಡಿಭಾಗಗಳ ಖರ್ಚು ಏರುತ್ತಾ ಹೋಗಿ 2020ರ ಫೆಬ್ರವರಿಯಲ್ಲಿ ಸಂಘ ಬಸ್ಸು ನಿಲ್ಲಿಸಿತು. ಲಾಭಕೋರರಲ್ಲದವರು, ತಮ್ಮ ಊರಿನ ಜನರನ್ನು ಹೆಸರು ಹಿಡಿದು ಬಲ್ಲವರು, ಮೂರು ದಶಕ ದುಡಿದರೂ ಟಿಕೆಟ್ ಹಣದಿಂದಷ್ಟೇ ಇದನ್ನು ನಡೆಸಲಾಗಲಿಲ್ಲ. ಇದರಿಂದ ನಾನು ಕಲಿತದ್ದು, ಸಣ್ಣ ಊರಿನ ಬಸ್ಸು ತನ್ನ ಖರ್ಚನ್ನು ತಾನೇ ದುಡಿಯಬೇಕು ಎಂಬ ನಿರೀಕ್ಷೆಯೇ ತಪ್ಪು. ಶಾಲೆ ದುಡಿಯುತ್ತದೆಯೇ? ಬೀದಿದೀಪ ದುಡಿಯುತ್ತದೆಯೇ? ಊರಿಗೆ ಎಳೆದ ವಿದ್ಯುತ್ ತಂತಿಯ ಖರ್ಚನ್ನು ಕೊನೆಯ ಕಂಬದ ಮನೆಯವರಿಂದಲೇ ವಸೂಲು ಮಾಡುವುದಿಲ್ಲ, ಇಡೀ ರಾಜ್ಯ ಹಂಚಿಕೊಳ್ಳುತ್ತದೆ.

ಹಾಗೆಂದು ಐವತ್ತು ಸೀಟಿನ ದೊಡ್ಡ ಬಸ್ಸು ಪ್ರತಿ ಕೇರಿಗೂ ಬರಲಿ ಎನ್ನುತ್ತಿಲ್ಲ. ನಾನು ಕೇಳುವುದು, ಜನ ಎಷ್ಟೇ ಇರಲಿ, ಸರ್ವಋತು ರಸ್ತೆ ಮುಟ್ಟಿದ ಪ್ರತಿಯೊಂದು ವಸತಿಗೂ ಬೆಳಗ್ಗೆ ಶಾಲೆ ಕಾಲೇಜಿನ ಹೊತ್ತಿಗೆ ಒಂದು, ಸಂಜೆ ಹಿಂದಿರುಗುವ ಹೊತ್ತಿಗೆ ಒಂದು ವಾಹನ. ಸಂತೆಯ ದಿನ ಮಧ್ಯಾಹ್ನ ಇನ್ನೊಂದು. ವಾಹನ ಎಂಥದ್ದಾದರೂ ಸರಿ. ಹದಿನೈದು ಸೀಟಿನ ಮಿನಿ ಬಸ್ಸೋ ಮ್ಯಾಕ್ಸಿಕ್ಯಾಬೋ ಈ ತಿರುವುಗಳಲ್ಲಿ ದೊಡ್ಡ ಬಸ್ಸಿಗಿಂತ ಸಲೀಸು. ಸಣ್ಣ ಗಾಡಿಯಾದರೆ ರಸ್ತೆ ಅಗಲ ಮಾಡಲು ಮರ ಕಡಿಯುವ, ಗುಡ್ಡ ಕೊರೆಯುವ ಗೋಜೂ ಇರುವುದಿಲ್ಲ. ಕಾಡಿನ ಮೇಲಿನ ಪ್ರೀತಿಗೂ ಊರಿನ ಬಸ್ಸಿಗೂ ಜಗಳ ಹಚ್ಚಬೇಕಾಗಿಲ್ಲ.

ಕೇರಳ 2022ರಲ್ಲಿ ಗ್ರಾಮವಂಡಿ ಎಂಬ ಕ್ರಮ ತಂದಿತು. ಅಲ್ಲಿ ಬಸ್ಸು, ಸಿಬ್ಬಂದಿ ಸಾರಿಗೆ ನಿಗಮದವು, ಡೀಸೆಲ್ ಖರ್ಚು ಸ್ಥಳೀಯ ಪಂಚಾಯತಿಯದು. ಯಾವ ದಾರಿ, ಎಷ್ಟು ಹೊತ್ತಿಗೆ ಎಂದು ಪಂಚಾಯತಿ ಹೇಳಬಹುದು. ತಮಿಳುನಾಡು 1997ರಿಂದಲೇ ಬಸ್ಸಿಲ್ಲದ ಹಳ್ಳಿಗಳನ್ನು ಮುಖ್ಯರಸ್ತೆಗೆ ಸೇರಿಸಲು ಮಿನಿ ಬಸ್ಸುಗಳಿಗೆ ಪರ್ಮಿಟ್ ಕೊಟ್ಟಿತು. ನಮ್ಮಲ್ಲಿ ಉತ್ತರ ಕರ್ನಾಟಕದ ಟಂಟಂ, ಕ್ರೂಸರ್‌ಗಳು, ಮಲೆನಾಡಿನ ಜೀಪು, ಆಪೆಗಳು ಈಗಾಗಲೇ ಈ ಕೆಲಸ ಮಾಡುತ್ತಿವೆ, ಆದರೆ ಸೀಟಿಗಿಷ್ಟು ಎಂದು ಜನರನ್ನು ಹತ್ತಿಸಿಕೊಳ್ಳುವ ಪರ್ಮಿಟ್ ಇಲ್ಲದೆ. ಆರ್‌ಟಿಒ ನಿಂತಿದ್ದಾರೆಂದು ಗೊತ್ತಾದ ದಿನ ಗಾಡಿ ಬರುವುದಿಲ್ಲ, ಅಂದು ಕೂಲಿಯೂ ಇಲ್ಲ, ಪಾಠವೂ ಇಲ್ಲ. ಅಪಘಾತವಾದರೆ ವಿಮೆಯೂ ಅನುಮಾನ. ಜನರ ತಲೆಯ ಮೇಲಿನ ಈ ಅಪಾಯವನ್ನು ತೆಗೆದು, ಸಮಯ ದರ ನಿಗದಿ ಮಾಡಿ, ಪಂಚಾಯತಿಯೊಂದಿಗೆ ಕರಾರು ಬರೆಸಿ, ಕೊರತೆಯನ್ನು ಸರ್ಕಾರ ತುಂಬಿಕೊಟ್ಟರೆ ಅವೇ ಗಾಡಿಗಳು ಊರಿನ ಬಸ್ಸಾಗುತ್ತವೆ. ಮೈಸೂರು ಸಂಸ್ಥಾನದಲ್ಲಿ 1948ರಲ್ಲಿ ಸರ್ಕಾರಿ ಸಾರಿಗೆ ಶುರುವಾದಾಗ ಇದ್ದದ್ದು 120 ಬಸ್ಸು. ಅಷ್ಟರಿಂದ ಇಷ್ಟಕ್ಕೆ ಬಂದ ರಾಜ್ಯಕ್ಕೆ ಇದು ಆಗದ ಕೆಲಸವಲ್ಲ.

ಜನ ಕಡಿಮೆ ಎಂಬ ಕಾರಣಕ್ಕೆ ಕಾಯಿಸುವುದು ಎಷ್ಟು ದೀರ್ಘವಾಗಬಹುದು ಎಂಬುದಕ್ಕೆ ಶರಾವತಿಯ ಹಿನ್ನೀರು ಸಾಕ್ಷಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಸಾಗರ ತಾಲ್ಲೂಕಿನ ಕರೂರು, ಬಾರಂಗಿ ಹೋಬಳಿಗಳ ಊರುಗಳು ತಮ್ಮ ತಾಲ್ಲೂಕು ಕೇಂದ್ರದಿಂದಲೇ ಕಡಿದುಹೋದವು. ನಾಡಿಗೆಲ್ಲ ಬೆಳಕು ಕೊಟ್ಟ ನೀರು ಅವರ ದಾರಿಯ ಮೇಲೆ ನಿಂತಿತು. ಮುಂದೆ ಹೊಳೆಬಾಗಿಲಿನ ಲಾಂಚೇ ಗತಿಯಾಯಿತು. ಸಂಜೆಯ ಕೊನೆಯ ಲಾಂಚು ತಪ್ಪಿದರೆ ಹೊಸನಗರದ ಕಡೆಯಿಂದ ಸುತ್ತಿ ಬರಬೇಕಿತ್ತು, ಇಲ್ಲವೇ ದಡದಲ್ಲೇ ರಾತ್ರಿ ಕಳೆಯಬೇಕಿತ್ತು. ಬೇಸಿಗೆಯಲ್ಲಿ ನೀರು ಇಳಿದರೆ ಲಾಂಚಿಗೂ ಕಷ್ಟವಾಗುತ್ತಿತ್ತು. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವಿನ 2.44 ಕಿಲೋಮೀಟರ್ ಉದ್ದದ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ನಡುವೆ ಅರವತ್ತು ವರ್ಷ ಕಳೆದವು. ಸಿಗಂದೂರಿಗೆ ದೇವಿಯ ದರ್ಶನಕ್ಕೆ ಬರುವವರ ಸಂಖ್ಯೆ ಹೆಚ್ಚಿರದಿದ್ದರೆ ಬರೀ ಆ ಊರುಗಳ ತಲೆ ಎಣಿಸಿ ಸೇತುವೆ ಕಟ್ಟುತ್ತಿದ್ದರೇ ಎಂದು ಅಲ್ಲಿಯವರೇ ಕೇಳುತ್ತಾರೆ. ನನಗೂ ನಂಬಿಕೆಯಿಲ್ಲ.

ತಲೆ ಎಣಿಸದೆ ಕೆಲಸ ಮಾಡಿದವರೂ ಇದ್ದಾರೆ. ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದರು. ಆಮೇಲೆ ನೂರಕ್ಕೂ ಹೆಚ್ಚು ಕಟ್ಟಿದರು, 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ದೊಡ್ಡ ಸೇತುವೆಯ ಖರ್ಚಿಗೆ ಸಮರ್ಥನೆ ಸಿಗದಷ್ಟು ಸಣ್ಣ ಊರುಗಳಿಗೆ, ಕೈಗೆಟುಕುವ ಖರ್ಚಿನಲ್ಲಿ, ನಡೆದು ದಾಟುವಷ್ಟು ದಾರಿ. ಜನ ಕಡಿಮೆ ಇದ್ದರೆ ಸೇತುವೆ ಸಣ್ಣದಾಗಲಿ, ಇಲ್ಲದಂತಾಗುವುದು ಬೇಡ ಎಂಬ ಆ ಬಗೆಯ ಯೋಚನೆ ಸಾರಿಗೆಗೂ ಬರಬೇಕು. ಇಂದಿಗೂ ಮಳೆಗಾಲದಲ್ಲಿ ಅಡಿಕೆ ದಬ್ಬೆಯ ಕಾಲುಸಂಕ ದಾಟಿ ಬಸ್‌ಸ್ಟಾಪಿಗೆ ಬರುವ ಮಕ್ಕಳಿದ್ದಾರೆ. 2022ರ ಆಗಸ್ಟಿನಲ್ಲಿ ಬೈಂದೂರಿನ ಕಡೆ ಶಾಲೆಯಿಂದ ಮನೆಗೆ ಹೋಗುತ್ತಿದ್ದ ಎರಡನೆಯ ತರಗತಿಯ ಮಗುವೊಂದು ಅಂಥ ಸಂಕದಿಂದ ಜಾರಿ ಹಳ್ಳದಲ್ಲಿ ಕೊಚ್ಚಿಹೋಯಿತು. ಆ ಸಂಕ ದಾಟುವ ಮನೆಗಳು ಎಷ್ಟಿದ್ದವು ಎಂದು ಆಮೇಲೆ ಯಾರೂ ಕೇಳಲಿಲ್ಲ.

ಮುಂದಿನ ಜನಗಣತಿ 2027ರ ಮಾರ್ಚ್ 1ಕ್ಕೆ ಲೆಕ್ಕ ಹಿಡಿಯುತ್ತದೆ. ನಮ್ಮೂರಿಗೆ ಎಣಿಕೆಗೆ ಬರುವವರು ಬಹುಶಃ ಯಾವುದೋ ಶಾಲೆಯ ಮೇಡಮ್ಮೇ ಇರಬಹುದು. ಬಸ್ಸು ತಿರುಗಿಸುವ ಜಾಗದಿಂದ ಮೂರು ಕಿಲೋಮೀಟರ್ ನಡೆದೇ ಬರಬೇಕು. ಹಾಸ್ಟೆಲಿನಲ್ಲಿರುವ ಮಕ್ಕಳನ್ನು ಹಾಸ್ಟೆಲಿನಲ್ಲಿ, ಪೇಟೆಯ ಬಾಡಿಗೆ ಕೋಣೆಯಲ್ಲಿರುವ ತಾಯಂದಿರನ್ನು ಅಲ್ಲಿಯೇ ಎಣಿಸಿರುತ್ತಾರೆ. ಅವರು ಬರೆದುಕೊಂಡು ಹೋಗುವ ಅಂಕಿಯ ಮೇಲೆ ಮುಂದಿನ ಹತ್ತು ವರ್ಷದ ರಸ್ತೆ, ಶಾಲೆ, ಅಂಗನವಾಡಿಯ ತೀರ್ಮಾನಗಳು ನಿಲ್ಲುತ್ತವೆ.

ಕೆಳಮನೆಯ ಹುಡುಗಿ ಈ ಸಲ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾಳೆ, ಲೆಕ್ಕದಲ್ಲಿ ಒಳ್ಳೆಯ ಮಾರ್ಕ್ಸು. ಸೈನ್ಸ್ ತೆಗೆದುಕೊಳ್ಳುವ ಆಸೆ. ಬೆಳಗಿನ ಟ್ರಿಪ್ಪು ಮತ್ತೆ ಶುರು ಮಾಡಿ ಎಂದು ಅವಳ ಅಪ್ಪ ಮೂರು ಸಲ ಅರ್ಜಿ ಕೊಟ್ಟು ಬಂದಿದ್ದಾನೆ, ಪ್ರತಿ ಸಲವೂ ಊರಿನವರ ಸಹಿ ಹಾಕಿಸಿಕೊಂಡು. ಮೊದಲ ಅರ್ಜಿಗೆ ಸಹಿ ಹಾಕಿದ ಇಬ್ಬರು ಮೂರನೆಯದಕ್ಕೆ ಹಾಕಲು ಊರಲ್ಲಿರಲಿಲ್ಲ. ಮೊನ್ನೆ ಸಂಜೆ ಸಿಕ್ಕಾಗ ಬಸ್ಸಿನ ಸುದ್ದಿ ಕೇಳಿದೆ. "ಏನೂ ಗೊತ್ತಾಗ್ಲಿಲ್ಲ ಮಾರಾಯ್ರೆ" ಎಂದ. ಆಮೇಲೆ, ಪೇಟೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಎಷ್ಟಕ್ಕೆ ಸಿಗಬಹುದು ಎಂದು ವಿಚಾರಿಸಿದ.